ಎರಡು ಬ್ಯಾಟರಿ, ಒಂದು ಹಿಂದಿನ ಸೀಟು

ಟೈಲರಮ್ಮ ಬೆಳಿಗ್ಗೆ ಎದ್ದು ಕಾಫಿಗೆ ನೀರಿಡುತ್ತಿದ್ದಳು. ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು, "ಇವಳೇ, ಬ್ಯಾಟರಿ ಇನ್ನೂ ಸ್ವಲ್ಪ ಮುಂದಕ್ಕೆ ತರಬೇಕು ಅನ್ಸುತ್ತೆ" ಅಂದ. ಅವಳು ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದ ಸದ್ದಿಗೆ ಒಳಕೋಣೆಯಲ್ಲಿ ಮಲಗಿದ್ದ ಅತ್ತೆ ಎದ್ದು ಕೂತರು.

"ಎಷ್ಟು ಮುಂದಕ್ಕೆ?"

"ನಾಲ್ಕು ಮೊಳ. ಹೆಚ್ಚಂದ್ರೆ ನಾಲ್ಕೂವರೆ."

"ಅಂದ್ರೆ ಬಟ್ಟೆ ಮತ್ತೆ ಕತ್ತರಿಸ್ತೀರಿ."

ಗಂಡ ಬಾಗಿಲ ಚೌಕಟ್ಟಿನ ಮೇಲಿಲ್ಲದ ಧೂಳನ್ನು ಬೆರಳಿನಿಂದ ಒರೆಸತೊಡಗಿದ. ಮದುವೆಯಾದಾಗಿನಿಂದ ಅವನ ಈ ಒರೆಸಾಟ ನೋಡಿದವಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಆಗ್ಲೇ ಕತ್ತರಿಸಿ ಆಗಿದೆಯಾ?"

"ಒಂಚೂರು."

ಬೇರೆ ಮನೆಗಳಲ್ಲಿ ಗಂಡ ಹೆಂಡತಿ ಕಿತ್ತಾಡುವುದಕ್ಕೆ ನೂರೆಂಟು ಕಾರಣ ಇರುತ್ತವೆ. ಈ ಮನೆಯಲ್ಲಿ ಇದ್ದದ್ದು ಒಂದೇ, ಬ್ಯಾಟರಿ. ಗಡಿಯಾರದ್ದಲ್ಲ, ಟಾರ್ಚಿನದ್ದೂ ಅಲ್ಲ, ವಿಮಾನದ್ದು. ಮನೆಯ ಹಿಂದಿನ ದೊಡ್ಡ ಕೋಣೆಯಲ್ಲಿ ಉದ್ದಕ್ಕೂ ಚಾಚಿಕೊಂಡು ಒಂದು ವಿಮಾನ ನಿಂತಿತ್ತು. ಆಟಿಕೆಯಲ್ಲ, ನಿಜವಾದದ್ದು. ಇಬ್ಬರು ಕೂರುವಂಥದ್ದು, ಓಡಿಸುವವನು ಮುಂದೆ, ಇನ್ನೊಬ್ಬರು ಅವನ ಬೆನ್ನ ಹಿಂದೆ. ರೆಕ್ಕೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಗೋಡೆ ಒಡೆದು ರೆಕ್ಕೆ ಸಮೇತ ನಿಲ್ಲಿಸೋಣ ಎಂಬ ಮಾತೂ ಒಮ್ಮೆ ಬಂದಿತ್ತು. ಅತ್ತೆ ಊಟ ಬಿಟ್ಟು ಮುಖ ತಿರುಗಿಸಿ ಕೂತ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ವಿಮಾನ ಕಟ್ಟುತ್ತಿದ್ದವನು ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ, ಬಿಡುವಾದಾಗಲೆಲ್ಲ ವಿಮಾನ. ಜನರನ್ನು ಮೇಲಕ್ಕೂ ಕೆಳಕ್ಕೂ ಒಯ್ಯುವ ಕೆಲಸ ಮಾಡಿ ಮಾಡಿ ಅವನಿಗೆ ಮೇಲಕ್ಕೆ ಹೋಗುವುದರ ಹುಚ್ಚು ಹತ್ತಿರಬೇಕು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಎದುರಿಗೆ ಸಿಕ್ಕಾಗ "ಏನ್ ಪೈಲಟ್ಟೇ, ಯಾವಾಗ ಹಾರೋದು?" ಎಂದು ಹಲ್ಲು ಕಿರಿಯುತ್ತಿದ್ದರು. ಅವನು ಅದನ್ನು ಕುಹಕ ಎಂದು ತಿಳಿಯದೆ ನಿಂತು, ಸಾವಧಾನವಾಗಿ, ಬ್ಯಾಟರಿಯ ವಿಷಯ ವಿವರಿಸುತ್ತಿದ್ದ. ಆಮೇಲೆ ಕೇಳುವುದನ್ನು ಅವರೇ ಬಿಟ್ಟರು.

ವಿಮಾನ ನಿಂತಿದ್ದ ಕೋಣೆ ಮೊದಲು ಟೈಲರಮ್ಮನದು. ಬಟ್ಟೆ ಹರಡಿ ಅಳತೆ ಹಾಕಿ ಕತ್ತರಿಸುವ ಉದ್ದನೆಯ ಮೇಜು ಅಲ್ಲಿತ್ತು. ವಿಮಾನಕ್ಕೆ ಜಾಗ ಬೇಕೆಂದು ಗಂಡ ಕೇಳಿದಾಗ ಅವಳು ಮೇಜನ್ನು ಅಂಗಡಿಯಾಗಿದ್ದ ಮುಂದಿನ ಕೋಣೆಗೆ ತಂದಳು. ಹೊಲಿಗೆ ಮಿಷನ್ನು ಗೋಡೆಗೆ ಮುಖ ಮಾಡಿ ಮೂಲೆ ಸೇರಿತು. ಅಂದಿನಿಂದ ಅವಳು ದಿನವಿಡೀ ನೋಡುತ್ತಿದ್ದದ್ದು ಸುಣ್ಣ ಉದುರಿದ ಒಂದು ಗೋಡೆ, ಒಂದು ಕ್ಯಾಲೆಂಡರು. ಕೋಣೆ ಕೇಳಿದ ದಿನವೇ ಗಂಡ ಹೇಳಿದ್ದ: "ಹಿಂದಿನ ಸೀಟು ನಿಂದೇ ಕಣೇ. ಬೇರೆ ಯಾರನ್ನೂ ಮೊದಲು ಕೂರಿಸಲ್ಲ."

"ಸೀಟಂತೆ ಸೀಟು" ಎಂದು ಅವಳು ಮೂಗು ಮುರಿದಿದ್ದಳು. ಆದರೆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಪ್ಯಾಂಟಿನ ಅಂಚು ಮಡಿಸುತ್ತಾ, ಪರದೆ ಹೊಲಿಯುತ್ತಾ, ಮಕ್ಕಳ ಯೂನಿಫಾರಮ್ಮಿಗೆ ಗುಂಡಿ ಹಚ್ಚುತ್ತಾ ಅವಳು ಗೋಡೆ ನೋಡುತ್ತಿದ್ದಳು, ನೋಡುತ್ತಾ ಆ ಸೀಟಿನಲ್ಲಿ ಕೂರುತ್ತಿದ್ದಳು. ತನ್ನ ಬೆನ್ನಿನ ಅಳತೆ, ಸೊಂಟದ ಅಳತೆ ತಾನೇ ತೆಗೆದು ಒಂದು ದಿಂಬು ಹೊಲಿದು ಅಲ್ಲಿ ಇಟ್ಟೂ ಇದ್ದಳು. ಆಸೆ ಎಂದು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಆ ಸೀಟು ಬೇಕಿತ್ತು, ಬಹಳ ಬೇಕಿತ್ತು, ಅಷ್ಟೇ.

ಬರೀ ಜಾಗ ಕೊಟ್ಟು ಕೈತೊಳೆದುಕೊಂಡವಳೂ ಅಲ್ಲ ಅವಳು. ಆ ವಿಮಾನದ ಮೈಯೆಲ್ಲ ಬಟ್ಟೆ. ಒಳಗೆ ಕಬ್ಬಿಣದ ಕೊಳವೆಗಳ ಹಂದರ, ಹೊರಗೆ ಅದಕ್ಕೆ ಬಿಗಿದ ಬಟ್ಟೆ, ಬಟ್ಟೆಯ ಮೇಲೆ ಬಣ್ಣದ ಲೇಪ. ಬಟ್ಟೆಯನ್ನೆಲ್ಲ ಹೊಲಿದವಳು ಟೈಲರಮ್ಮ. ಇಸ್ತ್ರಿ ಪೆಟ್ಟಿಗೆ ತಾಗಿದರೆ ಕುಗ್ಗಿ ಬಿಗಿಯಾಗುವ ಬಟ್ಟೆ ಅದು. ಅಂಗಡಿಯಲ್ಲಿ ಹಾಗಾದರೆ ಗಿರಾಕಿ ಕೊರಳಪಟ್ಟಿ ಹಿಡಿಯುತ್ತಾನೆ, ಇಲ್ಲಿ ಅದೇ ಬೇಕಾದದ್ದು ಎಂದು ತಿಳಿದಾಗ ಅವಳಿಗೆ ನಗು ಬಂದಿತ್ತು. ರೆಕ್ಕೆ ಹೊಲಿಯುವಾಗ ಅವಳು ಈ ಬದಿ, ಗಂಡ ಆ ಬದಿ. ಮೊಳದುದ್ದದ ಸೂಜಿ ಇವಳು ಚುಚ್ಚಿದರೆ ಅವನು ಆಚೆಯಿಂದ ಎಳೆದು ಮತ್ತೆ ಇತ್ತ ತಳ್ಳುತ್ತಿದ್ದ. ಮುಖ ಕಾಣುತ್ತಿರಲಿಲ್ಲ, ಸೂಜಿ ಮಾತ್ರ ಬಂದು ಹೋಗುತ್ತಿತ್ತು. ಅವರಿಬ್ಬರೂ ಜಗಳವಿಲ್ಲದೆ ಕಳೆದ ದಿನಗಳು ಅವು.

ಟೈಲರಮ್ಮನ ಹೊಲಿಗೆಗೆ ಒಂದು ಚರಿತ್ರೆ ಇತ್ತು. ಹೊಸದಾಗಿ ಅಂಗಡಿ ಇಟ್ಟಾಗ ಬ್ಯಾಂಡಿನಲ್ಲಿ ಡೋಲು ಬಾರಿಸುವವನೊಬ್ಬನಿಗೆ ಪ್ಯಾಂಟು ಹೊಲಿದುಕೊಟ್ಟಿದ್ದಳು. ವೇದಿಕೆಯ ಮೇಲೆ ಅವನು ಕಾಲಗಲಿಸಿ ಡೋಲಿಗೆ ಮೊದಲ ಪೆಟ್ಟು ಕೊಟ್ಟದ್ದೇ ಹಿಂದಿನ ಹೊಲಿಗೆ ಬಿಟ್ಟುಕೊಂಡಿತು. ಡೋಲಿನ ಸದ್ದಿಗಿಂತ ಜನರ ನಗು ಜೋರಾಯಿತಂತೆ. ಪಾಪದವನು ಜಗಳಕ್ಕೂ ಬರಲಿಲ್ಲ, ಪ್ಯಾಂಟನ್ನು ಅಂಗಡಿಯ ಬಾಗಿಲಿಗೆ ನೇತುಹಾಕಿ ಹೋದ. ಅಂದಿನಿಂದ ಟೈಲರಮ್ಮ ಎಲ್ಲ ಹೊಲಿಗೆಯನ್ನೂ ಎರಡು ಸಲ ಹಾಕುತ್ತಾಳೆ, ತೇಪೆಯನ್ನು ಎರಡು ಪದರ ಇಡುತ್ತಾಳೆ. ಅವಳು ಹೊಲಿದ ಅಂಗಿ ನೂಲು ನೂಲಾಗಿ ಹೋದರೂ ಹೊಲಿಗೆ ಮಾತ್ರ ಬಿಡುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು. ಅದನ್ನು ಅವಳು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಳು.

ಗಂಡನಿಗೂ ಅವನ ಕಸುಬಿನ ಚಾಳಿ ಒಂದಿತ್ತು. ಲಿಫ್ಟಿನಲ್ಲಿ ಜನ ನಿಲ್ಲುವ ಪೆಟ್ಟಿಗೆ ಹಗ್ಗದ ಒಂದು ತುದಿಗಿದ್ದರೆ ಇನ್ನೊಂದು ತುದಿಗೆ ಕಬ್ಬಿಣದ ಗಟ್ಟಿಗಳು ತೂಗುತ್ತವೆ. ಮಾಲೀಕರು ಪೆಟ್ಟಿಗೆಗೆ ಕನ್ನಡಿ ಹಾಕಿಸಿದರು, ಕಲ್ಲು ಹಾಸಿಸಿದರು, ಭಾರವಾಯಿತು. ಮೆಕ್ಯಾನಿಕ್ ಏನು ಮಾಡಬೇಕು? ಆ ಕಡೆಗೆ ಇನ್ನೆರಡು ಗಟ್ಟಿ ಸೇರಿಸಬೇಕು. ಕಲ್ಲು ಯಾಕೆ ಹಾಸಿಸಿದಿರಿ ಎಂದು ಕೇಳುವ ಹಾಗಿಲ್ಲ. ತೂಕ ಎಲ್ಲಿಂದ ಬಂತು ಎಂದು ಕೇಳದೆ ಅದಕ್ಕೆ ಎದುರು ತೂಕ ಹುಡುಕುವುದು ಅವನ ಮೈಗೆ ಹತ್ತಿಹೋಗಿತ್ತು.

ಈ ವಿಮಾನದಲ್ಲಿ ಅವನಿಗೆ ಸಿಕ್ಕ ಗಟ್ಟಿಗಳು ಬ್ಯಾಟರಿಗಳೇ. ಒಂದಲ್ಲ, ಎರಡು. ಇಂಜಿನ್ನಿಗೆ ಕಿಡಿ ಕೊಡುವುದು ಕರೆಂಟು, ಕರೆಂಟು ನಿಂತರೆ ಇಂಜಿನ್ನೂ ನಿಲ್ಲುತ್ತದೆ. ಅದಕ್ಕೇ ಒಂದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು. ಎರಡೂ ಒಳ್ಳೇ ಭಾರದವು. ನಕ್ಷೆಯಲ್ಲಿ ಅವುಗಳ ಜಾಗ ಹಿಂದೆ, ಬಾಲದ ಕಡೆಗಿತ್ತು. ಆದರೆ ನಕ್ಷೆಯಲ್ಲಿದ್ದದ್ದು ಹಳೇ ಕಾಲದ ಭಾರದ ಇಂಜಿನ್ನು. ಈ ಮಹಾರಾಯ ಜಾಣತನ ಮಾಡಿ ಹಗುರ ಇಂಜಿನ್ನು ತಂದಿದ್ದ. ಮೂಗು ಹಗುರವಾಯಿತು, ಬಾಲ ಭಾರವಾಯಿತು. ಅಲ್ಲಿಂದ ಶುರುವಾಯಿತು ಬ್ಯಾಟರಿಗಳ ಮೆರವಣಿಗೆ.

ಮೊದಲ ಸಲ ಅವನು ಬಾಲದ ಬಟ್ಟೆಗೆ ಬ್ಲೇಡು ಹಾಕಿದ್ದು ಅವಳನ್ನು ಕೇಳದೆ. ಅವಳು ಇಸ್ತ್ರಿ ಮಾಡಿ ಬಿಗಿದು, ಗಂಡನೇ ನಯವಾಗಿ ಲೇಪ ಬಳಿದು, ತಟ್ಟಿದರೆ ತಮಟೆಯಂತೆ ನಾದ ಬರುತ್ತಿದ್ದ ಬಟ್ಟೆ. ಅದರಲ್ಲಿ ಕಿಟಕಿಯಷ್ಟು ದೊಡ್ಡ ತೂತು ಕಂಡಾಗ ಟೈಲರಮ್ಮನ ಪಿತ್ತ ನೆತ್ತಿಗೇರಿತು. ಒಂದು ವಾರ ಗಂಡನ ಜೊತೆ ಮಾತಾಡಲಿಲ್ಲ. ತಟ್ಟೆ ತಂದು ಅವನ ಮುಂದೆ ಇಡುತ್ತಿದ್ದಳು, ಇಡುವಾಗ ಆಗುವ ಸದ್ದೇ ಮಾತು. ಎಂಟನೇ ದಿನ ತಾನಾಗಿಯೇ ಹೋಗಿ ಎರಡು ಪದರ ಬಟ್ಟೆ ಇಟ್ಟು, ಅಂಚಿಗೆಲ್ಲ ಪಟ್ಟಿ ಹೊಡೆದು, ತೂತು ಮುಚ್ಚಿದಳು.

ಆಮೇಲೆ ಅದೇ ಪಾಡಾಯಿತು. ಬ್ಯಾಟರಿಗಳು ಬಾಲದ ನಡುವಿನಿಂದ ಸ್ವಲ್ಪ ಮುಂದೆ ಬಂದವು, ಅಲ್ಲಿಂದ ಎಡಕ್ಕೆ, ಅಲ್ಲಿಂದ ಬಲಕ್ಕೆ, ಅಲ್ಲಿಂದ ಹಿಂದಿನ ಸೀಟಿನ ಬೆನ್ನಿಗೆ. ಪ್ರತಿ ಸಲವೂ ಹಳೇ ತೂತು, ಹೊಸ ತೂತು, ವೈರು ಎಳೆಯಲು ಮತ್ತೊಂದು ತೂತು. ಪ್ರತಿ ತೂತಿಗೂ ಟೈಲರಮ್ಮನ ಎರಡು ಪದರದ ತೇಪೆ. ತೇಪೆ ಎದ್ದು ಕಾಣಬಾರದೆಂದು ಆ ಜಾಗದ ಸುತ್ತ ಇನ್ನಷ್ಟು ಬಟ್ಟೆ, ಅದರ ಮೇಲೆ ಗಂಡನ ಲೇಪ. ಮತ್ತೆ ವಿಮಾನವನ್ನು ಹಿತ್ತಲಿಗೆ ಎಳೆದು ರೆಕ್ಕೆ ಜೋಡಿಸುವುದು, ಮೂರೂ ಚಕ್ರಗಳ ಅಡಿಗೆ ತೂಕದ ಯಂತ್ರ ಇಡುವುದು. ತೂಗಿದಾಗಲೆಲ್ಲ ಬಾಲವೇ ಭಾರ. ಗಂಡ ತಲೆ ಕೆರೆದುಕೊಂಡು ಒಳಗೆ ಹೋಗುತ್ತಿದ್ದ. ಮರುದಿನ ಬೆಳಿಗ್ಗೆ "ಇವಳೇ..." ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

"ಮನೆಯಲ್ಲಿ ಬೆಕ್ಕು ಮರಿ ಹಾಕಿ ಮೂಲೆ ಮೂಲೆಗೆ ಕಚ್ಕೊಂಡು ತಿರುಗೋ ಹಾಗೆ ತಿರುಗ್ತಾನಲ್ಲಮ್ಮ ನಿನ್ನ ಗಂಡ" ಎಂದು ಅತ್ತೆ ಹೇಳಿದರು.

"ನಿಮ್ಮ ಮಗ ಅತ್ತೆ" ಎಂದಳು ಟೈಲರಮ್ಮ.

"ನಾನು ಕೊಟ್ಟಾಗ ಸರಿಯಾಗೇ ಇದ್ದ."

ಕಾಫಿಯ ಪಾತ್ರೆ ಕುಕ್ಕಿದ ಆ ಬೆಳಿಗ್ಗೆ ಬ್ಯಾಟರಿಗಳು ಹೊರಟದ್ದು ಕೊನೆಯ ನಿಲ್ದಾಣಕ್ಕೆ, ಇಂಜಿನ್ನಿನ ಹಿಂದಿರುವ ತಗಡಿನ ಗೋಡೆಗೆ. ಅಲ್ಲಿ ಇಂಜಿನ್ನಿನ ಕಾವು. ಬ್ಯಾಟರಿಗೆ ಕಾವು ಆಗದು ಎಂದು ಅವನೇ ಅಷ್ಟು ದಿನ ಉಪದೇಶ ಮಾಡಿದ್ದ. ಈಗ ಅದಕ್ಕೊಂದು ತಗಡಿನ ಮರೆ, ಗಾಳಿ ಹೋಗಲು ಒಂದು ಕೊಳವೆ. ಹಿಂದಿನಿಂದ ದಪ್ಪ ವೈರು ಕೀಳಲು ಬಾಲದ ಪಕ್ಕೆಯನ್ನು ಉದ್ದಕ್ಕೆ ಸೀಳಿದ್ದ. ಅದನ್ನೇ ಅವನು 'ಒಂಚೂರು' ಅಂದದ್ದು. ಟೈಲರಮ್ಮ ಬೈದಳು, ಸೂಜಿ ಎತ್ತಿಕೊಂಡಳು, ಹೊಲಿಯುತ್ತಾ ಬೈದಳು, ಹೊಲಿದು ಮುಗಿಸಿ ಮತ್ತೊಮ್ಮೆ ಬೈದಳು.

"ಇದೇ ಕೊನೆ" ಎಂದ ಗಂಡ.

"ಇನ್ನು ಮುಂದಕ್ಕೆ ಜಾಗ ಎಲ್ಲಿದೆ? ಮುಂದಿನ ಫ್ಯಾನಿಗೇ ಕಟ್ಟಬೇಕು" ಎಂದರು ಅತ್ತೆ.

ತೂಕ ನೋಡಿ ಒಪ್ಪಿಗೆ ಕೊಡಲು ಇನ್ಸ್‌ಪೆಕ್ಟರ್ ಬಂದರು. ಮೆಲುಮಾತಿನ, ಬಿಳಿ ಮೀಸೆಯ ಮನುಷ್ಯ. ಕಾಫಿ ಬೇಡ ಅಂದರು, ನೀರು ಕುಡಿದರು. ಮೊದಲು ಗಂಡನೊಬ್ಬನನ್ನು ಮುಂದೆ ಕೂರಿಸಿ ತೂಗಿದರು, ಸರಿಯಾಗಿತ್ತು. ಆಮೇಲೆ ಟೈಲರಮ್ಮನನ್ನು ಹಿಂದೆ ಕೂರಿಸಿದರು. ತಾನೇ ಹೊಲಿದ ದಿಂಬಿಗೆ ಒರಗಿ ಅವಳು ಉಸಿರು ಬಿಗಿಹಿಡಿದು ಕೂತಳು. ಉಸಿರು ಬಿಟ್ಟರೆ ಭಾರ ಹೆಚ್ಚಾದೀತು ಎಂಬ ಹಾಗೆ. ಇನ್ಸ್‌ಪೆಕ್ಟರ್ ಬಾಲದ ಕೆಳಗಿನ ಯಂತ್ರವನ್ನು ನೋಡಿದರು, ಲೆಕ್ಕ ಹಾಕಿದರು, ಮತ್ತೊಮ್ಮೆ ನೋಡಿದರು.

"ನೀವೊಬ್ಬರೇ ಹಾರೋದಾದ್ರೆ ಅಡ್ಡಿಯಿಲ್ಲ" ಎಂದರು ಗಂಡನಿಗೆ. "ಹಿಂದೆ ಮಾತ್ರ ಯಾರೂ ಕೂರೋ ಹಾಗಿಲ್ಲ. ಕೂತ್ರೆ ಬಾಲ ಜಗ್ಗುತ್ತೆ. ಮೇಲೆ ಹೋದ್ಮೇಲೆ ಮೂಗು ಎತ್ಕೊಂಡು ನಿಂತ್ರೆ ಇಳಿಸೋಕೆ ಆಗಲ್ಲ."

ಚೀಲದಿಂದ ಒಂದು ಅಂಟುಚೀಟಿ ತೆಗೆದು ಮುಂದಿನ ಸೀಟಿನ ಬೆನ್ನಿಗೆ, ಸರಿಯಾಗಿ ಟೈಲರಮ್ಮನ ಕಣ್ಣೆದುರಿಗೆ ಹಚ್ಚಿದರು. 'ಈ ಸೀಟಿನಲ್ಲಿ ಕೂರಬಾರದು.' ಕೂತುಕೊಂಡೇ ಅವಳು ಅದನ್ನು ಓದಿದಳು. ಅಳು ಬರುವಂತಾಯಿತು. ಅದಕ್ಕಿಂತ ಮೊದಲು ಸಿಟ್ಟು ಬಂದದ್ದರಿಂದ ಅಳು ಅಲ್ಲೇ ನಿಂತಿತು.

ಅವಳು ಕೆಳಗಿಳಿದ ಮೇಲೆ, ಹೊರಡುವ ಮುಂಚೆ ಇನ್ಸ್‌ಪೆಕ್ಟರ್ ವಿಮಾನದ ಸುತ್ತ ಒಂದು ಸಲ ನಡೆದರು. ನಡೆಯುತ್ತಾ ಬೆರಳಿನಿಂದ ಬಟ್ಟೆಯನ್ನು ತಟ್ಟುತ್ತಾ ಹೋದರು. ರೆಕ್ಕೆಯ ಮೇಲೆ ಟಂಟಂ ಎಂದಿತು. ಬಾಲಕ್ಕೆ ಬಂದಾಗ ದಬ್ ದಬ್ ಎಂದಿತು, ಹಲಗೆ ಬಡಿದಂತೆ. ಅವರು ನಿಂತರು. ಮತ್ತೆ ತಟ್ಟಿದರು.

"ಇಲ್ಲಿ ಎಷ್ಟು ಪದರ ಇದೆ?"

ಟೈಲರಮ್ಮ ಬಾಯಿ ತೆರೆಯುವಷ್ಟರಲ್ಲಿ ಗಂಡ ಎರಡೇ ಹೆಜ್ಜೆಗೆ ಅಡ್ಡ ಬಂದ. "ಅದು ನಾನೇ ಹೇಳಿ ಮಾಡಿಸಿದ್ದು ಸಾರ್. ಬಾಲ ಗಟ್ಟಿಮುಟ್ಟಾಗಿರಲಿ ಅಂತ. ಅದು ಹಾಗೇ ಇರಬೇಕು."

"ಹಾಗೇ ಇರಬೇಕಾ?"

"ಹೂಂ ಸಾರ್. ಹಾಗೇ ಇರಬೇಕು."

ಇನ್ಸ್‌ಪೆಕ್ಟರ್ ಅವನ ಮುಖ ನೋಡಿದರು, ಬಾಲ ನೋಡಿದರು, ನಿಮ್ಮಿಷ್ಟ ಎನ್ನುವ ಹಾಗೆ ತಲೆ ಆಡಿಸಿ ಹೋದರು. ಟೈಲರಮ್ಮ ನಿಂತಲ್ಲೇ ನಿಂತಿದ್ದಳು. ಅವನು ಎಂದೂ ಹಾಗೆ ಹೇಳಿ ಮಾಡಿಸಿರಲಿಲ್ಲ. ಎರಡು ಪದರ ಹಾಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವನು ಸುಳ್ಳು ಹೇಳಿದ್ದ, ಅದೂ ಎಷ್ಟು ಸಲೀಸಾಗಿ ಹೇಳಿದ್ದ ಎಂದರೆ ಬಹಳ ದಿನದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಹಾಗೆ.

ಅವಳು ಸೀದಾ ಮುಂದಿನ ಕೋಣೆಗೆ ಹೋಗಿ ಬಾಲದ ಬಟ್ಟೆಯಲ್ಲಿ ಮಿಕ್ಕ ತುಂಡುಗಳ ಬುಟ್ಟಿ ತಂದಳು. ಕತ್ತರಿಸಿ ತೆಗೆದ ಹಳೇ ತೇಪೆಯೊಂದು ಅದರಲ್ಲಿತ್ತು, ಲೇಪ ಬಳಿದು ಒಣಗಿ ಹಪ್ಪಳದಂತಾದದ್ದು. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಅಷ್ಟೇ ಅಗಲದ ಬರೀ ಬಟ್ಟೆ. ಬಟ್ಟೆಯ ತೂಕ ಕೈಯಲ್ಲೇ ತಿಳಿಯುವವಳು ಅವಳು. ಎರಡನ್ನೂ ಹಿಡಿದು ಹಿತ್ತಲಿಗೆ ಬಂದಳು. ಗಂಡ ವಿಮಾನದ ಚಕ್ರವನ್ನು ಒರೆಸುತ್ತಿದ್ದ. ಧೂಳಿರಲಿಲ್ಲ.

"ಬಾಲ ಭಾರ ಆಗಿರೋದು ನನ್ನ ತೇಪೆಯಿಂದ."

"ಹಾಗೇನಿಲ್ಲ..."

"ರೀ, ಒರೆಸೋದು ನಿಲ್ಲಿಸಿ. ಯಾವತ್ತಿಂದ ಗೊತ್ತಿತ್ತು?"

ಅವನು ಒರೆಸುವುದನ್ನು ನಿಲ್ಲಿಸಿದ. "ಮೂರನೇ ಸಲ ತೂಗಿದಾಗ. ಬ್ಯಾಟರಿ ಮುಂದಕ್ಕೆ ತಂದಷ್ಟೂ ಬಾಲದ ತೂಕ ಏರ್ತಾ ಇತ್ತು. ಬಾಲ ಬಹಳ ಉದ್ದ ನೋಡು, ತುದಿಯಲ್ಲಿ ಒಂದು ಹಿಡಿ ಇಟ್ರೂ ಇಲ್ಲಿ ಒಂದು ಬ್ಯಾಟರಿಯಷ್ಟು ಜಗ್ಗುತ್ತೆ."

"ಮೂರನೇ ಸಲಕ್ಕೇ ಗೊತ್ತಾಗಿತ್ತು! ಆಮೇಲೆ ನಾನು ಎಷ್ಟು ತೇಪೆ ಹಾಕಿದೆ! ಹೇಳೋಕೆ ಬಾಯಿ ಇರ್ಲಿಲ್ವಾ ನಿಮಗೆ?"

"ಏನಂತ ಹೇಳ್ಲಿ? ಮೊದಲ್ನೇ ಸಲ ಕೇಳದೆ ಕತ್ತರಿಸಿದ್ದಕ್ಕೆ ಒಂದು ವಾರ ಮಾತು ಬಿಟ್ಟೆ. ಆಮೇಲೆ ನೀನಾಗೇ ಬಂದು ಅಷ್ಟು ಚೆನ್ನಾಗಿ ಹೊಲಿದುಕೊಟ್ಟೆ. ನಿನ್ನ ಹೊಲಿಗೆ ಭಾರ ಆಯ್ತು, ಕಿತ್ತುಹಾಕು ಅನ್ಲಾ? ಬ್ಯಾಟರಿ ಜರುಗಿಸಿದ್ರೆ ಸರಿಹೋಗುತ್ತೆ ಅಂದ್ಕೊಂಡೆ."

ಟೈಲರಮ್ಮನಿಗೆ ಆ ತೇಪೆಯಿಂದಲೇ ಅವನ ತಲೆಗೆ ಬಾರಿಸಬೇಕೆನಿಸಿತು. ಬೆಂಕಿಯ ಪಕ್ಕಕ್ಕೆ ಬ್ಯಾಟರಿ ಕೊಂಡುಹೋಗಲು ಧೈರ್ಯವಿದೆ, ಇಡೀ ಬಾಲ ಸೀಳಲು ಧೈರ್ಯವಿದೆ, ಒಂದು ದಿನ ಆಕಾಶಕ್ಕೆ ಹಾರಲೂ ಧೈರ್ಯವಿದೆ, ಹೆಂಡತಿಯ ಹತ್ತಿರ ಒಂದು ಮಾತು ಹೇಳಲು ಇಲ್ಲ! ಆ ಒಂದು ಮಾತನ್ನು ನುಂಗಿ ಅವನು ಅವಳ ಸೀಟನ್ನೇ ಕಳೆದುಕೂತಿದ್ದ.

"ನನ್ನ ಸೀಟು ಹೋಯ್ತಲ್ರೀ" ಎಂದಳು. ಆ ಮಾತು ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಗಂಡ ತಲೆ ಎತ್ತಿ ನೋಡಿದ. "ನಿನಗೆ ಬೇಕಿತ್ತಾ? ಯಾವತ್ತೂ ಹೇಳೇ ಇಲ್ಲ. ಸೀಟಂತೆ ಸೀಟು ಅಂದಿದ್ದೆ."

ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಹಣೆ ಚಚ್ಚಿಕೊಂಡರು. "ದೇವರೇ, ಇವನು ಅದನ್ನ ಹೇಳಲ್ಲ, ಇವಳು ಇದನ್ನ ಹೇಳಲ್ಲ. ಮಧ್ಯೆ ಆ ಬಡಪಾಯಿ ಬ್ಯಾಟರಿಗಳು ಊರೆಲ್ಲ ಸುತ್ತಿದ್ವು."

"ನೀವು ಬೀಳಬಾರದು ಅಂತ ಎರಡು ಪದರ ಹಾಕಿದ್ದು ನಾನು" ಎಂದಳು ಟೈಲರಮ್ಮ ಗಂಡನಿಗೆ. "ಡೋಲಿನವನ ಪ್ಯಾಂಟು ಹರಿದ್ರೆ ಜನ ನಕ್ಕು ಸುಮ್ಮನಾದ್ರು. ನಿಮ್ಮ ಬಾಲ ಹರಿದ್ರೆ?"

ಅವನು ಎದ್ದು ಬಂದು ಅವಳ ಕೈಯಿಂದ ಆ ಹಪ್ಪಳದಂಥ ತೇಪೆಯನ್ನು ತೆಗೆದುಕೊಂಡು ನೋಡುತ್ತಾ ನಿಂತ. "ಬಿಡು, ಹೀಗೇ ಇರಲಿ" ಎಂದ.

"ಹೀಗೇ ಇರಲಿ ಅಂದ್ರೆ ಸುಮ್ನಿರಲ್ಲ ನಾನು" ಎಂದು ಅವಳು ಹೊಲಿಗೆ ಬಿಚ್ಚುವ ಕೊಕ್ಕೆ ತರಲು ಒಳಗೆ ಹೋದಳು.

ಇಡೀ ಬಾಲದ ಬಟ್ಟೆ ಬಿಚ್ಚಿದರು. ಎರಡೆರಡು ಸಲ ಹಾಕಿದ ಹೊಲಿಗೆ, ಬಿಚ್ಚುವಾಗ ಬೆರಳೆಲ್ಲ ಕೆಂಪಾಯಿತು. ಹಾಕಿದವಳು ಯಾರೋ ಏನೋ ಎಂಬಂತೆ ಟೈಲರಮ್ಮ ಆ ಹೊಲಿಗೆಗೆ ಬಾಯಿಗೆ ಬಂದಂತೆ ಬೈಯುತ್ತಾ ಬಿಚ್ಚಿದಳು. ತೆಗೆದ ಬಟ್ಟೆಯನ್ನು ಸುತ್ತಿ ಅತ್ತೆಯ ಕೈಗೆ ಕೊಟ್ಟರೆ ಅವರಿಗೆ ಎತ್ತಲಾಗಲಿಲ್ಲ. ಹೊಸ ಬಟ್ಟೆ ಹೊಲಿದದ್ದು ಒಂದೇ ಪದರ. ಕೈ ತಾನಾಗಿಯೇ ಎರಡನೇ ಹೊಲಿಗೆಗೆ ಹಿಂದಿರುಗುತ್ತಿತ್ತು. ಅವಳು ಗದರಿ ನಿಲ್ಲಿಸುತ್ತಿದ್ದಳು. ಅಂಥ ಒಂಟಿ ಹೊಲಿಗೆ ಹಾಕುವುದು ಅವಳಿಗೆ ಬರಿಗಾಲಲ್ಲಿ ಬೀದಿಗೆ ಇಳಿದಂತೆ ಆಗುತ್ತಿತ್ತು. ಆದರೂ ಹಾಕಿದಳು, ಇಸ್ತ್ರಿ ಮಾಡಿ ಬಿಗಿದಳು, ತಟ್ಟಿದಳು. ಟಂಟಂ ಎಂದಿತು.

ಹಿತ್ತಲಿಗೆ ಎಳೆದು ತೂಗಿದರು. ಗಂಡ ಒಬ್ಬನೇ ಕೂತ, ಅವಳು ಯಂತ್ರ ನೋಡಿ ಹೇಳಿದಳು, ಅವನು ಲೆಕ್ಕ ಹಾಕಿದ. ಹಾಕಿದವನ ಮುಖ ಹುಳ್ಳಗಾಯಿತು. ಕೆಳಗಿಳಿದು ಬಂದು ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಅವನ ಬೆರಳು ಚಕ್ರವನ್ನು ಒರೆಸಲು ಹೋಯಿತು.

"ಏನು?" ಎಂದಳು ಟೈಲರಮ್ಮ.

"ಏನಿಲ್ಲ."

"ರೀ!"

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಒಂದೇ ಗುಕ್ಕಿಗೆ ಹೇಳಿಬಿಟ್ಟ. "ಈಗ ಮೂಗು ಭಾರ. ಎರಡು ಬ್ಯಾಟರಿನೂ ಮುಂದಿದ್ರೆ ಆಗಲ್ಲ. ಒಂದು ಹಿಂದೆ ಬರಬೇಕು, ನಿನ್ನ ಸೀಟಿನ ಬೆನ್ನಿಗೆ. ಒಳಗಿಂದ ಕೈ ಹೋಗಲ್ಲ, ಕೊಳವೆಗಳು ಅಡ್ಡ. ಹೊರಗಿಂದ ಬಾಗಿಲು ಬೇಕು. ನಿನ್ನ ಹೊಸ ಬಟ್ಟೆ ಕತ್ತರಿಸಬೇಕು ಇವಳೇ."

ಅತ್ತೆ ಮೆಟ್ಟಿಲಿಂದ ಎದ್ದು, ಯಾವುದಕ್ಕೂ ಇರಲಿ ಎಂದು ಒಳಗೆ ಹೋಗಿ ಕಿಟಕಿಯಿಂದ ಇಣುಕಿದರು. ಟೈಲರಮ್ಮ ಟಂಟಂ ಎನ್ನುವ ತನ್ನ ಬಾಲವನ್ನು ನೋಡಿದಳು. ಲೇಪದ ವಾಸನೆ ಇನ್ನೂ ಹೋಗಿರಲಿಲ್ಲ. ಇಷ್ಟೂ ದಿನ ತೂಗಿ, ಅಳೆದು, ಸೀಳಿ, ಹೊಲಿದು, ಸುತ್ತಿ ಸುತ್ತಿ ಬಂದು ಬ್ಯಾಟರಿ ಕೂರುವುದು ನಡುವೆ ಒಮ್ಮೆ ಕೂತು ಎದ್ದುಹೋಗಿದ್ದ ಜಾಗದಲ್ಲೇ. ಆದರೆ ಈ ಸಲ ಅವನು ಕತ್ತರಿಸುವ ಮೊದಲೇ ಹೇಳಿದ್ದ. ಕೈಯಲ್ಲಿ ಬ್ಲೇಡೂ ಇರಲಿಲ್ಲ.

"ಎಷ್ಟು ದೊಡ್ಡ ಬಾಗಿಲು?"

ಅವನು ಕೈಯಲ್ಲಿ ತೋರಿಸಿದ.

ಅವಳು ಒಳಗೆ ಹೋಗಿ ಸೀಮೆಸುಣ್ಣ, ಅಳತೆ ಟೇಪು, ಅಂಗಡಿಯ ದೊಡ್ಡ ಕತ್ತರಿ ತಂದಳು. "ನೀವು ಕತ್ತರಿಸಿದ್ದೆಲ್ಲ ಯಾಕೆ ಸೀಳ್ಕೊಂಡು ಹೋಗ್ತಿತ್ತು ಗೊತ್ತಾ? ಮೊದಲು ಕತ್ತರಿಸಿ ಆಮೇಲೆ ಅಂಚು ಹುಡುಕ್ತಿದ್ರಿ. ಗುಂಡಿಗೆ ಕಾಜಾ ಮಾಡೋದು ಯಾವತ್ತಾದ್ರೂ ನೋಡಿದ್ದೀರಾ? ಮೊದಲು ಅಂಚು ಕಟ್ಟಬೇಕು. ಆಮೇಲೆ ಕತ್ತರಿ." ಬಟ್ಟೆಯ ಮೇಲೆ ಚೌಕ ಬರೆದಳು. ಚೌಕದ ಸುತ್ತ ಪಟ್ಟಿ ಅಂಟಿಸಿದಳು, ಮೂಲೆಗಳನ್ನು ದುಂಡಗೆ ಮಾಡಿದಳು. ಪಟ್ಟಿ ಒಣಗುವವರೆಗೆ ಗಂಡನ ಮುಖ ನೋಡದೆ ಕೂತಳು. ಒಣಗಿದ ಮೇಲೆ ಕತ್ತರಿಯ ತುದಿಯನ್ನು ತಾನೇ ಬಟ್ಟೆಗೆ ಊರಿದಳು. ಟಪ್ ಎಂದು ಸದ್ದಾಯಿತು. ಗಂಡ ಕಣ್ಣು ಮುಚ್ಚಿಕೊಂಡ. ಅವಳು ಮುಚ್ಚಲಿಲ್ಲ, ಚೌಕದ ನಾಲ್ಕು ಬದಿಯೂ ಕತ್ತರಿಸಿ ತುಂಡನ್ನು ಅವನ ಕೈಗೆ ಕೊಟ್ಟಳು.

"ಇಡಿ ನಿಮ್ಮ ಬ್ಯಾಟರಿನ. ಇನ್ನು ಜರುಗಿಸಿದ್ರೆ ನಿಮ್ಮನ್ನೇ ಸೀಟಿಗೆ ಹೊಲಿದುಬಿಡ್ತೀನಿ, ಎರಡು ಹೊಲಿಗೆ ಹಾಕಿ."

ಇನ್ಸ್‌ಪೆಕ್ಟರ್ ಮತ್ತೆ ಬಂದರು. ಒಬ್ಬನನ್ನು ಕೂರಿಸಿ ತೂಗಿದರು, ಇಬ್ಬರನ್ನು ಕೂರಿಸಿ ತೂಗಿದರು. ಬಾಲವನ್ನು ತಟ್ಟಿ ನೋಡಿ, "ಹಾಗೇ ಇರಬೇಕು ಅಂದಿದ್ರಿ?" ಎಂದು ಕೇಳಿದರು. ಗಂಡ ನೆಲ ನೋಡಿದ. ಇನ್ಸ್‌ಪೆಕ್ಟರ್ ಅಂಟುಚೀಟಿ ಕೀಳಲು ಕೈ ಚಾಚಿದಾಗ ಟೈಲರಮ್ಮ "ಅದನ್ನ ನಾನು ನೋಡ್ಕೋತೀನಿ" ಎಂದಳು. ಸೀಟಿನಲ್ಲಿ ಕೂತೇ ಉಗುರಿನಿಂದ ಕೆರೆದು ಕೆರೆದು ಅದರ ಕೊನೆಯ ಚೂರನ್ನೂ ಬಿಡಿಸಿದಳು.

ಮೊದಲ ಕೆಲವು ಹಾರಾಟ ಅವನೊಬ್ಬನೇ ಮಾಡಬೇಕೆಂಬ ನಿಯಮವಿತ್ತು. ಊರಾಚೆಯ ಬಯಲಿನಲ್ಲಿ ಅವನು ಹಾರಿ ಇಳಿಯುವಾಗಲೆಲ್ಲ ಟೈಲರಮ್ಮ ಬಾಲದ ಒಂಟಿ ಹೊಲಿಗೆಯ ಮೇಲೇ ಕಣ್ಣು ನೆಟ್ಟು ಕತ್ತು ನೋಯಿಸಿಕೊಂಡಳು. ಇಳಿದದ್ದೇ ಓಡಿಹೋಗಿ ಅಂಚುಗಳನ್ನು ಬೆರಳಿಂದ ಸವರಿ ನೋಡುತ್ತಿದ್ದಳು. ಒಂದು ನೂಲೂ ಬಿಟ್ಟಿರಲಿಲ್ಲ. ಆಮೇಲೆ ಅವಳ ಸರದಿ ಬಂತು. "ಮೇಲೆ ಹೋದ್ಮೇಲೆ ಹೊಲಿಗೆ ಹೇಗಿದೆ ನೋಡ್ಕೊಂಡು ಬಾರಮ್ಮ, ರೆಕ್ಕೆದು ಕಿಟಕಿಯಿಂದ ಕಾಣುತ್ತಂತಲ್ಲ" ಎಂದು ಅತ್ತೆ ಹೇಳಿ ಕಳಿಸಿದರು. ನೋಡದೆ ಬಿಡುವವಳೇ ತಾನು ಎಂದುಕೊಂಡೇ ಅವಳು ಹತ್ತಿದಳು.

ಸುಮಾರು ಹೊತ್ತಿನ ಮೇಲೆ ಇಳಿದರು. ಇಂಜಿನ್ನು ನಿಂತಿತು. ಗಂಡ ಹಿಂದಕ್ಕೆ ತಿರುಗಿ, ಗಂಟಲು ಸರಿಮಾಡಿಕೊಂಡು, "ಇವಳೇ, ಹಿಂದಿನ ಬ್ಯಾಟರಿ ಒಂದು ಗೇಣು..." ಎಂದು ಶುರುಮಾಡಿದ.

"ಬಾಯಿ ಮುಚ್ಚಿ" ಎಂದಳು ಟೈಲರಮ್ಮ. ಆದರೆ ಎದ್ದು ಇಳಿಯಲಿಲ್ಲ, ಇನ್ನೂ ಸ್ವಲ್ಪ ಹೊತ್ತು ದಿಂಬಿಗೆ ಒರಗಿ ಕೂತೇ ಇದ್ದಳು. ಅತ್ತೆ ಬಯಲನ್ನು ದಾಟಿ ಏದುಸಿರು ಬಿಡುತ್ತಾ ಬಂದು ಕಿಟಕಿಗೆ ಮುಖವಿಟ್ಟರು.

"ಹೊಲಿಗೆ ಹೇಗಿತ್ತಮ್ಮ?"

ಟೈಲರಮ್ಮ ರೆಕ್ಕೆಯ ಕಡೆ ತಿರುಗಿದಳು. ಅಷ್ಟೂ ಹೊತ್ತು ಅದು ಅವಳ ಪಕ್ಕದಲ್ಲೇ ಇತ್ತು.

"ನೋಡೋದೇ ಮರೆತುಹೋಯ್ತು ಅತ್ತೆ" ಎಂದಳು.